ಆಯಿಗೆ 36 ವರ್ಷದ ಮೇಲೆ ಬಂದ ಪತ್ರ

ಮಕ್ಕಳೇ, ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಸೇಡಂನಲ್ಲೋ ಚಿತ್ತಾಪುರದಲ್ಲೋ ಇರುವ ಮನೆ. ಅಂಗಳಕ್ಕೆ ಶಹಾಬಾದ ಕಲ್ಲು ಹಾಸಿದ್ದಾರೆ. ಮೂಲೆಯಲ್ಲಿ ತೊಗರಿ ಚೀಲಗಳು ಒಂದರ ಮೇಲೊಂದು ಕೂತಿವೆ. ಈ ಮನೆಯ ಮಗಳು ಬೆಂಗಳೂರಿನಲ್ಲಿ ಕೆಲಸಕ್ಕಿದ್ದಳು. ಅಲ್ಲಿಗೇ ಕೆಲಸಕ್ಕೆ ಬಂದಿದ್ದ ಜರ್ಮನಿಯ ಹುಡುಗನನ್ನು ಮದುವೆಯಾದಳು. ಐದಾರು ವರ್ಷ ಇಬ್ಬರೂ ಇಲ್ಲೇ ಇದ್ದರು. ಅಳಿಯ ಜೋಳದ ರೊಟ್ಟಿ ಮುರಿದು ಪುಂಡಿ ಪಲ್ಯ ಹಚ್ಚಿಕೊಂಡು ತಿನ್ನುವುದನ್ನು ಕಲಿತ. ಮಾವನ ಅಪ್ಪನನ್ನು ‘ಮುತ್ಯಾ’ ಎಂದು ಕರೆಯುವುದನ್ನೂ ಕಲಿತ. ಒಂದು ಹೆಣ್ಣು ಕೂಸೂ ಆಯಿತು.

ಈಗ ಅಲ್ಲಿ ಅವನ ತಾಯಿ-ತಂದೆಗೆ ವಯಸ್ಸಾಗಿದೆ. ಅವನು ತನ್ನ ಊರಿಗೆ ಮರಳಬೇಕು. ಹೆಂಡತಿ, ಮಗಳನ್ನೂ ಕರೆದುಕೊಂಡು ಹೋಗಬೇಕು. ಮನೆಯಲ್ಲಿ ಮಾತು ಶುರುವಾಗುತ್ತದೆ.

“ಮುತ್ಯಾ, ಅತ್ತಿ ಮತ್ತ ಯಾವಾಗ ಬರ್ತಾಳ?” ಎಂದು ಶಾಲೆಗೆ ಹೋಗುವ ಮೊಮ್ಮಗ ಕೇಳುತ್ತಾನೆ. ಮುತ್ಯಾ ಉತ್ತರ ಕೊಡದೆ ಎಲೆ-ಅಡಿಕೆ ಚೀಲ ಹುಡುಕುತ್ತಾರೆ. ಒಲೆಯ ಮುಂದೆ ಕೂತ ಆಯಿಯ ಪ್ರಶ್ನೆ ಬೇರೆ. “ಅಲ್ಲಿಗಿ ಹೋದ ಮ್ಯಾಲ ಕೂಸು ನನ್ನ ಕೂಡ ಯಾವ ಮಾತಿನಾಗ ಮಾತಾಡ್ತದ?”

ವೀಸಾ ಹೇಗೆ, ಟಿಕೆಟ್ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಆಯಿ ಕೇಳಿದ್ದನ್ನು ಬಹಳ ಜನ ಕೇಳುವುದಿಲ್ಲ. ಆದರೆ ಇದು ಹೊಸ ಪ್ರಶ್ನೆಯಲ್ಲ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಎಲ್ಲವೂ 1948ರವರೆಗೆ ಹೈದರಾಬಾದ ನಿಜಾಮರ ಸಂಸ್ಥಾನದಲ್ಲಿದ್ದವು. ಆ ಸಂಸ್ಥಾನದ ರಾಜಧಾನಿಯಲ್ಲಿ 200 ವರ್ಷಗಳ ಹಿಂದೆಯೇ ಒಬ್ಬ ಅಜ್ಜಿಗೆ ಈ ಪ್ರಶ್ನೆ ಎದುರಾಗಿತ್ತು. ಅವರ ಕಥೆ ಮೊದಲು ಕೇಳೋಣ.

ಹಡಗು ಹತ್ತಿದ ಇಬ್ಬರು ಮಕ್ಕಳು

1798ರ ಹೊತ್ತಿಗೆ ಹೈದರಾಬಾದಿನಲ್ಲಿ ಜೇಮ್ಸ್ ಅಕಿಲಿಸ್ ಕಿರ್ಕ್‌ಪ್ಯಾಟ್ರಿಕ್ ಎಂಬ ಬ್ರಿಟಿಷ್ ಅಧಿಕಾರಿ ಇದ್ದರು. ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ನಿಜಾಮರ ದರ್ಬಾರಿನಲ್ಲಿ ಇರುವ ರೆಸಿಡೆಂಟ್ ಹುದ್ದೆ ಅವರದು. ಹೈದರಾಬಾದಿನ ಕೋಠಿಯಲ್ಲಿ ದೊಡ್ಡ ಕಂಬಗಳ ರೆಸಿಡೆನ್ಸಿ ಕಟ್ಟಡವಿದೆಯಲ್ಲ, ಅದನ್ನು ಕಟ್ಟಿಸಿದವರು ಇವರೇ. ಅವರು ಅಲ್ಲಿನ ದೊಡ್ಡ ಮನೆತನದ ಖೈರುನ್ನೀಸಾ ಎಂಬ ಹುಡುಗಿಯನ್ನು ಮುಸ್ಲಿಂ ಪದ್ಧತಿಯಂತೆ ಮದುವೆಯಾದರು. 1801ರಲ್ಲಿ ಮಗ ಹುಟ್ಟಿದ, 1802ರಲ್ಲಿ ಮಗಳು. ಮನೆಯಲ್ಲಿ ಮಗನನ್ನು ಸಾಹಿಬ್ ಆಲಂ ಎಂದೂ ಮಗಳನ್ನು ಸಾಹಿಬ್ ಬೇಗಂ ಎಂದೂ ಕರೆಯುತ್ತಿದ್ದರು.

ಆ ಕಾಲದ ಬ್ರಿಟಿಷ್ ಅಧಿಕಾರಿಗಳು ಮಕ್ಕಳನ್ನು ಸಣ್ಣ ವಯಸ್ಸಿನಲ್ಲೇ ಓದಿಗೆಂದು ಇಂಗ್ಲೆಂಡಿಗೆ ಕಳಿಸುತ್ತಿದ್ದರು. 1805ರ ಸೆಪ್ಟೆಂಬರಿನಲ್ಲಿ ಈ ಮಕ್ಕಳೂ ಮದ್ರಾಸಿನಲ್ಲಿ ಹಡಗು ಹತ್ತಿದರು. ಆಗ ಮಗನಿಗೆ ನಾಲ್ಕು ವರ್ಷ, ಮಗಳಿಗೆ ಮೂರು. ಸುಯೆಜ್ ಕಾಲುವೆ ಇನ್ನೂ ತೋಡಿರಲಿಲ್ಲ. ಹಡಗು ಆಫ್ರಿಕಾ ಖಂಡವನ್ನು ಸುತ್ತಿ ಹೋಗಬೇಕು, ತಿಂಗಳುಗಟ್ಟಲೆ ಸಮುದ್ರದ ಮೇಲೆ. ಹೊರಡುವ ಮೊದಲು ಮದ್ರಾಸಿನಲ್ಲಿ ಜಾರ್ಜ್ ಚಿನ್ನರಿ ಎಂಬ ಚಿತ್ರಕಾರ ಇಬ್ಬರು ಮಕ್ಕಳ ದೊಡ್ಡ ಚಿತ್ರ ಬರೆದರು. ಹೈದರಾಬಾದಿನ ಪೋಷಾಕಿನಲ್ಲಿ ಅಣ್ಣ-ತಂಗಿ ನಿಂತಿರುವ ಚಿತ್ರ ಅದು.

ಮಕ್ಕಳು ಹೊರಟ ಮರುತಿಂಗಳೇ, 1805ರ ಅಕ್ಟೋಬರ್ 15ರಂದು, ತಂದೆ ಕಲ್ಕತ್ತೆಯಲ್ಲಿ ತೀರಿಕೊಂಡರು. ತಾಯಿ ಖೈರುನ್ನೀಸಾ 1813ರಲ್ಲಿ ಹೈದರಾಬಾದಿನಲ್ಲಿ ತೀರಿಕೊಂಡರು. ಮಕ್ಕಳನ್ನು ಅವರು ಮತ್ತೆ ನೋಡಲೇ ಇಲ್ಲ.

ಇಂಗ್ಲೆಂಡಿನಲ್ಲಿ ಮಕ್ಕಳ ಹೆಸರು ಬದಲಾಯಿತು. ಸಾಹಿಬ್ ಆಲಂ ವಿಲಿಯಂ ಜಾರ್ಜ್ ಆದ. ಸಾಹಿಬ್ ಬೇಗಂ ಕ್ಯಾಥರೀನ್ ಅರೋರಾ ಆದಳು. ಎಲ್ಲರೂ ಅವಳನ್ನು ಕಿಟ್ಟಿ ಎಂದರು. ಬಟ್ಟೆ ಬದಲಾಯಿತು, ಊಟ ಬದಲಾಯಿತು, ಮಾತೂ ಬದಲಾಯಿತು. ಅಣ್ಣ 1828ರಲ್ಲಿ ತೀರಿಕೊಂಡ. ಕಿಟ್ಟಿ 1829ರಲ್ಲಿ ಮದುವೆಯಾಗಿ ಮಕ್ಕಳ ತಾಯಿಯಾದಳು.

ಒಂದು ದಿನ ಅವಳು ಹೆನ್ರಿ ರಸೆಲ್ ಎಂಬವರ ಮನೆಗೆ ಹೋದಳು. ರಸೆಲ್ ಹಿಂದೆ ಹೈದರಾಬಾದಿನಲ್ಲಿ ಕೆಲಸ ಮಾಡಿದ್ದವರು. ಅವರ ಮನೆಯ ಗೋಡೆಯ ಮೇಲೆ ಚಿನ್ನರಿ ಬರೆದ ಆ ಚಿತ್ರ ತೂಗುತ್ತಿತ್ತು! ತಾನೂ ಅಣ್ಣನೂ ನಿಂತಿರುವುದನ್ನು ಕಂಡು ಕಿಟ್ಟಿ ಗಳಗಳನೆ ಅತ್ತಳು. ಹೈದರಾಬಾದಿನಲ್ಲಿ ಅಜ್ಜಿ ಶರಫುನ್ನೀಸಾ ಬೇಗಂ ಇನ್ನೂ ಬದುಕಿದ್ದಾರೆ ಎಂಬುದೂ ಆ ದಿನಗಳಲ್ಲೇ ಅವಳಿಗೆ ತಿಳಿಯಿತು.

1841ರಲ್ಲಿ ಅಜ್ಜಿ-ಮೊಮ್ಮಗಳ ನಡುವೆ ಪತ್ರ ಶುರುವಾಯಿತು. ಅಗಲಿ 36 ವರ್ಷವಾಗಿತ್ತು. ತಾನು ಹೊರಟ ದಿನ ಅಮ್ಮ ಅತ್ತಿದ್ದು, ಕೂದಲು ಕಿತ್ತುಕೊಂಡದ್ದು, ಆಗ ಅವಳು ಕೂತಿದ್ದ ಜಾಗ, ಇವೆಲ್ಲ ತನಗೆ ನೆನಪಿವೆ ಎಂದು ಕಿಟ್ಟಿ ಬರೆದಳು. ಮೂರು ವರ್ಷದ ಕೂಸಿನ ಕಣ್ಣಲ್ಲಿ ಉಳಿದಿದ್ದ ನೆನಪು! ಅಮ್ಮನ ಒಂದು ಎಳೆ ಕೂದಲಾದರೂ ಸಿಕ್ಕಿದ್ದರೆ ಎಂದು ಹಂಬಲಿಸಿದಳು. ಅಜ್ಜಿ ಮಗಳ ಕೂದಲನ್ನು ಜೋಪಾನವಾಗಿ ಇಟ್ಟುಕೊಂಡಿದ್ದರು. ಅದರಲ್ಲಿ ಒಂದಿಷ್ಟನ್ನು ಮೊಮ್ಮಗಳಿಗೆ ಕಳಿಸಿಕೊಟ್ಟರು.

ಆದರೆ ಮಕ್ಕಳೇ, ಒಂದು ವಿಷಯ ಗಮನಿಸಿ. ಕಿಟ್ಟಿ ಬರೆದದ್ದು ಇಂಗ್ಲಿಷಿನಲ್ಲಿ. ಅಜ್ಜಿ ಬರೆಸಿದ್ದು ಪಾರ್ಸಿಯಲ್ಲಿ. ಅಜ್ಜಿಯ ಮಾತು ಮೊಮ್ಮಗಳಿಗೆ ಬಾರದು, ಮೊಮ್ಮಗಳ ಮಾತು ಅಜ್ಜಿಗೆ ಬಾರದು. ಪ್ರತಿ ಪತ್ರವನ್ನೂ ಮೂರನೆಯವರು ಅನುವಾದ ಮಾಡಿ ಓದಿ ಹೇಳಬೇಕಿತ್ತು. ಮನಸ್ಸಿನೊಳಗಿನ ಮಾತನ್ನು ಹೊರಗಿನವರ ಬಾಯಿಂದ ಕೇಳುವುದು ಹೇಗಿರುತ್ತದೆ, ನಿಮ್ಮ ಆಯಿಯನ್ನೇ ಕೇಳಿ ನೋಡಿ. 1847ರಲ್ಲಿ ಅಜ್ಜಿ ತೀರಿಕೊಂಡರು. ಇಬ್ಬರೂ ಒಮ್ಮೆಯೂ ಮುಖ ನೋಡಲಿಲ್ಲ. ವಿಲಿಯಂ ಡಾಲ್ರಿಂಪಲ್ ಅವರು 2002ರಲ್ಲಿ ಬರೆದ ‘ವೈಟ್ ಮುಘಲ್ಸ್’ ಪುಸ್ತಕದಿಂದ ಈ ಕಥೆ ಲೋಕಕ್ಕೆಲ್ಲ ತಿಳಿಯಿತು.

ಕೈಯಲ್ಲಿ ಕಾಗದವಿಲ್ಲದ ಬೇಗಂ

ಖೈರುನ್ನೀಸಾಗೆ ಹೈದರಾಬಾದಿನಲ್ಲಿ ಒಬ್ಬ ಆಪ್ತ ಗೆಳತಿ ಇದ್ದರು. ಫೈಜ್ ಬಕ್ಷ್ ಬೇಗಂ ಎಂದು ಹೆಸರು. ಅವರ ಗಂಡನೂ ಬ್ರಿಟಿಷ್ ಅಧಿಕಾರಿಯೇ, ಜನರಲ್ ವಿಲಿಯಂ ಪಾಮರ್. ಈ ಫೈಜ್ ಬಕ್ಷ್ ಅವರ ತಂಗಿ ಎನ್ನಲಾಗುವ ನೂರ್ ಬೇಗಂ ಗಂಡನ ಜೊತೆಗೇ ಯುರೋಪಿಗೆ ಹೋದವರು.

ಆ ಗಂಡ ಬೆನ್ವಾ ದ ಬ್ವಾನ್ಯ್, ಆಲ್ಪ್ಸ್ ಪರ್ವತದ ಮಗ್ಗುಲಿನ ಸವಾಯ್ ಪ್ರಾಂತದವರು. ಮಹಾದಜಿ ಸಿಂಧಿಯಾ ಅವರ ಸೈನ್ಯ ಕಟ್ಟಿ ಹೆಸರು, ಹಣ ಎರಡನ್ನೂ ಗಳಿಸಿದ್ದರು. 1797ರಲ್ಲಿ ಹೆಂಡತಿ ಮತ್ತು ಇಬ್ಬರು ಮಕ್ಕಳೊಂದಿಗೆ ಇಂಗ್ಲೆಂಡಿಗೆ ಬಂದಿಳಿದರು. ಮರುವರ್ಷವೇ ಫ್ರಾನ್ಸಿನ ಕುಲೀನ ಮನೆತನದ ಒಬ್ಬ ಹುಡುಗಿಯನ್ನು ಮದುವೆಯಾದರು. ನೂರ್ ಬೇಗಂ ಹೆಲೆನ್ ಬೆನೆಟ್ ಎಂಬ ಹೆಸರಿನಲ್ಲಿ ಇಂಗ್ಲೆಂಡಿನ ಸಸೆಕ್ಸ್ ಸೀಮೆಯಲ್ಲಿ ಒಂಟಿಯಾಗಿ ಉಳಿದರು. ಹಣ ಬರುತ್ತಿತ್ತು, ಗಂಡ ಬರಲಿಲ್ಲ. 1853ರಲ್ಲಿ ಅಲ್ಲೇ ತೀರಿಕೊಂಡರು. ಭಾರತದಲ್ಲಿ ಹೆಂಡತಿಯಾಗಿ ಬಾಳಿದ್ದವರಿಗೆ ಅಲ್ಲಿ ‘ನಾನು ಇವರ ಹೆಂಡತಿ’ ಎಂದು ತೋರಿಸಲು ಒಂದು ಕಾಗದವೂ ಕೈಯಲ್ಲಿರಲಿಲ್ಲ. ಇದನ್ನು ನೆನಪಿಡಿ, ಮುಂದೆ ಮತ್ತೆ ಬರುತ್ತದೆ.

ಸುರಪುರದ ‘ಅಪ್ಪಾ’

ಫೈಜ್ ಬಕ್ಷ್ ಅವರ ಮಗ ಹೈದರಾಬಾದಿನ ದೊಡ್ಡ ಸಾಹುಕಾರ ವಿಲಿಯಂ ಪಾಮರ್. ಅವರ ಮಗಳು ಮೇರಿ. 1832ರಲ್ಲಿ ಈ ಮೇರಿಯನ್ನು ಮದುವೆಯಾದವರು ನಮ್ಮ ಭಾಗದ ಹಿರಿಯರಿಗೆಲ್ಲ ಗೊತ್ತಿರುವ ಹೆಸರು: ಸುರಪುರದ ಫಿಲಿಪ್ ಮೆಡೋಸ್ ಟೇಲರ್.

ಟೇಲರ್ ಹುಟ್ಟಿದ್ದು 1808ರಲ್ಲಿ, ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ. ಭಾರತಕ್ಕೆ ಬಂದಾಗ ಅವರಿಗೆ ಬರೀ 15 ವರ್ಷ, ಅಂದರೆ ಈಗಿನ ಹತ್ತನೇ ತರಗತಿಯ ಹುಡುಗ. ಬೊಂಬಾಯಿಯಲ್ಲಿ ಒಬ್ಬ ವ್ಯಾಪಾರಿಯ ಹತ್ತಿರ ಗುಮಾಸ್ತನಾಗಲು ಬಂದರು. ಆ ವ್ಯಾಪಾರ ಮುಳುಗುತ್ತಿತ್ತು. 1824ರಲ್ಲೇ ನಿಜಾಮರ ಸೈನ್ಯದಲ್ಲಿ ಕೆಲಸ ಸಿಕ್ಕಿತು. ಅಲ್ಲಿಂದ ಮುಂದಕ್ಕೆ ಈ ನಾಡೇ ಅವರ ಶಾಲೆ. ಜನರ ನಡುವೆ ಓಡಾಡಿ ಜನರ ಮಾತು ಕಲಿತರು. ದಾರಿಗಳ್ಳರಾದ ಥಗ್ಗರ ಬಗ್ಗೆ ಅವರು ಬರೆದ ಕಾದಂಬರಿ 1839ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ವಿಕ್ಟೋರಿಯಾ ರಾಣಿ ಅದು ಅಚ್ಚಾಗಿ ಮುಗಿಯುವವರೆಗೂ ಕಾಯದೆ ಹಾಳೆಗಳನ್ನು ತರಿಸಿಕೊಂಡು ಓದಿದರಂತೆ.

1840ರ ದಶಕದ ಆರಂಭದಲ್ಲಿ ಟೇಲರ್ ಸುರಪುರಕ್ಕೆ ಬಂದರು. ಸಂಸ್ಥಾನದ ರಾಜ ವೆಂಕಟಪ್ಪ ನಾಯಕ ಇನ್ನೂ ಸಣ್ಣ ಹುಡುಗ. ಅವನು ದೊಡ್ಡವನಾಗುವವರೆಗೆ ಆಡಳಿತ ನೋಡುವುದು, ಅವನನ್ನು ಓದಿಸುವುದು ಟೇಲರ್ ಅವರ ಕೆಲಸ. ಹುಡುಗ ಅವರನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದ. 1844ರಲ್ಲಿ ಮೇರಿ ತೀರಿಕೊಂಡರು. ಟೇಲರ್ ಮತ್ತೆ ಮದುವೆಯಾಗಲಿಲ್ಲ. 1853ರಲ್ಲಿ ರಾಜನಿಗೆ ಸಂಸ್ಥಾನ ಒಪ್ಪಿಸಿ ಬೇರೆ ಕೆಲಸಕ್ಕೆ ಹೋದರು.

1858ರಲ್ಲಿ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಎದ್ದ. ಸೋತು ಹೈದರಾಬಾದಿನಲ್ಲಿ ಸೆರೆಯಾದ. ತಾನು ಬೆಳೆಸಿದ ಹುಡುಗನನ್ನು ಟೇಲರ್ ಸೆರೆಮನೆಗೆ ಹೋಗಿ ಕಂಡರು. ಅದೇ ವರ್ಷ ಸೆರೆಯಲ್ಲಿರುವಾಗಲೇ ರಾಜ ಗುಂಡೇಟಿನಿಂದ ತೀರಿಕೊಂಡ. ಒಂದು ಕಡೆ ಸರಕಾರದ ನೌಕರಿ, ಇನ್ನೊಂದು ಕಡೆ ‘ಅಪ್ಪಾ’ ಎಂದು ಕರೆದ ಬಾಯಿ. ಈ ಎರಡರ ನಡುವೆ ಟೇಲರ್ ಅನುಭವಿಸಿದ ಸಂಕಟ ಅವರ ಆತ್ಮಕಥೆಯಲ್ಲಿದೆ.

1860ರಲ್ಲಿ ಟೇಲರ್ ನಿವೃತ್ತರಾಗಿ ಹಿಂತಿರುಗಿದರು. ಐರ್ಲೆಂಡಿನ ಡಬ್ಲಿನ್ ಊರಲ್ಲಿ ಮನೆ ಮಾಡಿದರು. ಮೇರಿ ಜೊತೆಗಿರಲಿಲ್ಲ. 15 ವರ್ಷದವನಾಗಿ ಬಿಟ್ಟುಬಂದ ನಾಡಿಗೆ 50 ದಾಟಿದ ಮೇಲೆ ಮರಳಿದರೆ ಅದು ಸ್ವಂತ ಊರೋ ಪರದೇಶವೋ? ಅಲ್ಲಿ ಕೂತು ಅವರು ಬರೆದದ್ದೆಲ್ಲ ನಮ್ಮ ನಾಡಿನ ಕಥೆಗಳನ್ನೇ. ‘ತಾರಾ’, ‘ಸೀತಾ’, ಚಾಂದಬೀಬಿಯ ಕಥೆ. ‘ಸೀತಾ’ ಕಾದಂಬರಿಯಂತೂ ಒಬ್ಬ ಇಂಗ್ಲಿಷ್ ಅಧಿಕಾರಿ ಮತ್ತು ಅವನು ಮದುವೆಯಾದ ಹಿಂದೂ ಹುಡುಗಿಯದೇ.

1875ರಲ್ಲಿ ಕಣ್ಣು ಮಂಜಾಗಿದ್ದರೂ ಟೇಲರ್ ಮತ್ತೊಮ್ಮೆ ಹೈದರಾಬಾದಿಗೆ ಬಂದರು. ಅಷ್ಟರಲ್ಲಿ ನಮ್ಮ ಭಾಗಕ್ಕೆ ರೈಲು ಬಂದಿತ್ತು. ಬೊಂಬಾಯಿಯಿಂದ ಕಲಬುರಗಿ, ಶಹಾಬಾದ, ವಾಡಿ ಮೇಲೆ ಹಾದ ಹಳಿ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಹಳಿಗೆ ಕೂಡಿತು. 1874ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂ ದಾಟಿ ಹೈದರಾಬಾದ ಕಡೆಗೆ ನಿಜಾಮರ ರೈಲು ಶುರುವಾಯಿತು. ಹೈದರಾಬಾದಿನಿಂದ ಬೊಂಬಾಯಿ ಬಂದರಿಗೆ, ಅಲ್ಲಿಂದ ಹಡಗಿನಲ್ಲಿ ಯುರೋಪಿಗೆ ಹೋಗಲು ನಮ್ಮೂರ ಸ್ಟೇಷನ್‌ಗಳೇ ಹಾದಿಯಾದವು. ಇನ್ನೊಮ್ಮೆ ವಾಡಿ ಜಂಕ್ಷನ್‌ನಲ್ಲಿ ಇಳಿದಾಗ ಕವಲೊಡೆಯುವ ಹಳಿಗಳನ್ನು ನೋಡಿ.

ಆ ಪ್ರವಾಸದಲ್ಲಿ ಟೇಲರ್ ಅವರಿಗೆ ಜ್ವರ ಹಿಡಿಯಿತು. ಹಿಂತಿರುಗುವ ದಾರಿಯಲ್ಲಿ, 1876ರ ಮೇ 13ರಂದು, ಫ್ರಾನ್ಸಿನ ಮಾಂತೋನ್ ಎಂಬ ಊರಲ್ಲಿ ತೀರಿಕೊಂಡರು. ಡಬ್ಲಿನ್ನೂ ಮುಟ್ಟಲಿಲ್ಲ, ಸುರಪುರದಲ್ಲೂ ಉಳಿಯಲಿಲ್ಲ.

ಸುರಿಂದರ್ ಸಿಂಗ್ ಗೆದ್ದ ದಾವೆ

ಹಳೆಯ ಕಥೆಗಳು ಸಾಕು, ಈಗಿನ ಕಾಲಕ್ಕೆ ಬರೋಣ. ಸಂಗಾತಿಯನ್ನು ಕರೆದುಕೊಂಡು ಯುರೋಪಿಗೆ ಮರಳುವವರು ಇಂದಿಗೂ ಒಬ್ಬ ಭಾರತೀಯನ ಹೆಸರು ಹೇಳುತ್ತಾರೆ.

ಸುರಿಂದರ್ ಸಿಂಗ್ ಭಾರತದ ಪ್ರಜೆ. 1982ರಲ್ಲಿ ಬ್ರಿಟನ್ನಿನ ಹುಡುಗಿಯನ್ನು ಮದುವೆಯಾದರು. 1983ರಿಂದ 1985ರವರೆಗೆ ಇಬ್ಬರೂ ಜರ್ಮನಿಯಲ್ಲಿ ದುಡಿದು, ವ್ಯಾಪಾರ ಮಾಡಲು ಬ್ರಿಟನ್ನಿಗೆ ಮರಳಿದರು. ಮುಂದೆ ಆ ಮದುವೆ ಮುರಿಯುವ ಹಂತಕ್ಕೆ ಬಂದಾಗ ಬ್ರಿಟನ್ ಸರಕಾರ ಅವರನ್ನು ಹೊರಡಲು ಹೇಳಿತು. ದಾವೆ ಯುರೋಪಿನ ದೊಡ್ಡ ನ್ಯಾಯಾಲಯಕ್ಕೆ ಹೋಯಿತು. ಆಗ ಬ್ರಿಟನ್ನೂ ಯುರೋಪಿನ ಒಕ್ಕೂಟದಲ್ಲಿತ್ತು. 1992ರ ಜುಲೈ 7ರಂದು ತೀರ್ಪು ಬಂತು. ಒಕ್ಕೂಟದ ಒಂದು ದೇಶದ ಪ್ರಜೆ ಇನ್ನೊಂದು ದೇಶದಲ್ಲಿ ದುಡಿದು ತನ್ನ ದೇಶಕ್ಕೆ ಮರಳುವಾಗ, ಗಂಡ ಅಥವಾ ಹೆಂಡತಿ ಹೊರದೇಶದವರಾದರೂ ಜೊತೆಗೆ ಬಂದು ಇರುವ ಹಕ್ಕಿದೆ ಎಂದು ನ್ಯಾಯಾಧೀಶರು ಹೇಳಿದರು. ಬ್ರಿಟನ್ 2020ರಲ್ಲಿ ಒಕ್ಕೂಟ ಬಿಟ್ಟಿತು. ಒಕ್ಕೂಟದೊಳಗೆ ಈ ತೀರ್ಪಿನ ಬೆಲೆ ಹಾಗೇ ಇದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ನಮ್ಮ ಕಥೆಯ ಅಳಿಯ ಭಾರತದಿಂದ ನೇರ ಜರ್ಮನಿಗೇ ಹೋದರೆ ಅವನಿಗೆ ಜರ್ಮನಿಯ ಸ್ವಂತ ಕಾನೂನು. ಅದೇ ಅಳಿಯ ಕೆಲಸ ಹಿಡಿದು ಫ್ರಾನ್ಸಿಗೋ ಸ್ಪೇನಿಗೋ ಹೋದರೆ ಯುರೋಪಿನ ಒಕ್ಕೂಟದ 2004ರ ನಿಯಮ. ಆಗ ಹೆಂಡತಿಯ ವೀಸಾಕ್ಕೆ ಶುಲ್ಕವಿಲ್ಲ, ಬೇಗ ಕೊಡಬೇಕು. ಸ್ವಂತ ಊರಿನ ಬಾಗಿಲಿಗಿಂತ ಪಕ್ಕದೂರಿನ ಬಾಗಿಲು ಸಲೀಸು! ಜರ್ಮನಿಗೇ ಹೋಗುವ ಹೆಂಡತಿ ಅಥವಾ ಗಂಡ ಸಾಮಾನ್ಯವಾಗಿ ಮೊದಲು ಜರ್ಮನ್ ಭಾಷೆಯ ಎ-1 ಪರೀಕ್ಷೆ ಪಾಸಾಗಬೇಕು. 2007ರಿಂದ ಈ ನಿಯಮವಿದೆ. ಹೆಸರು-ಊರು ಹೇಳುವುದು, ಅಂಗಡಿಯಲ್ಲಿ ಸಾಮಾನು ಕೇಳುವುದು, ಸಣ್ಣ ಅರ್ಜಿ ತುಂಬುವುದು, ಇಷ್ಟು ಬಂದರಾಯಿತು. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಕಲಿಸುತ್ತಾರೆ, ಪರೀಕ್ಷೆಯನ್ನೂ ಮಾಡುತ್ತಾರೆ.

ಹಿರಿಯರು ತಿಳಿದಿರಬೇಕಾದ ಕಾಗದಗಳು

ನೂರ್ ಬೇಗಂ ನೆನಪಿದ್ದಾರಲ್ಲ? ಅವರಿಗಾದದ್ದು ನಮ್ಮ ಮಗಳಿಗೆ ಆಗಬಾರದೆಂದರೆ ಮದುವೆಯ ನೋಂದಣಿ ಮೊದಲು. ಊರಲ್ಲಿ ಪೆಂಡಾಲು ಹಾಕಿ ಎಷ್ಟೇ ಜೋರಾಗಿ ಮದುವೆ ಮಾಡಿದರೂ ಸರಕಾರದ ಪ್ರಮಾಣಪತ್ರ ಬೇಕೇ ಬೇಕು. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಮದುವೆಯಾಗುವವರು ಮೊದಲು ನೋಟಿಸ್ ಕೊಟ್ಟು 30 ದಿನ ಕಾಯಬೇಕು. ಇಬ್ಬರಲ್ಲಿ ಒಬ್ಬರಾದರೂ ಅದಕ್ಕೆ ಮುಂಚೆ 30 ದಿನ ಆ ಜಿಲ್ಲೆಯಲ್ಲಿ ವಾಸವಿರಬೇಕು.

ಆಮೇಲೆ ಜನನ ಪ್ರಮಾಣಪತ್ರ, ಮದುವೆ ಪ್ರಮಾಣಪತ್ರಗಳಿಗೆ ‘ಅಪೊಸ್ಟೀಲ್’ ಮುದ್ರೆ. ಇದು ನಿಜವಾದ ಕಾಗದ ಎಂದು ನಮ್ಮ ವಿದೇಶಾಂಗ ಸಚಿವಾಲಯ ಹಾಕುವ ಮುದ್ರೆ. ಭಾರತ 2005ರಿಂದ ಈ ಒಪ್ಪಂದದಲ್ಲಿದೆ. ಯುರೋಪಿನ ಹಲವು ದೇಶಗಳಿಗೆ ಇದು ಸಾಕು. ಕೆಲವು ದೇಶಗಳ ರಾಯಭಾರ ಕಚೇರಿಗಳು ಕಾಗದಗಳನ್ನು ತಾವೇ ಪರೀಕ್ಷಿಸುತ್ತವೆ. ಯಾವ ದೇಶಕ್ಕೆ ಏನು ಬೇಕು ಎಂದು ಮೊದಲೇ ಕೇಳಿಕೊಂಡರೆ ಓಡಾಟ ಉಳಿಯುತ್ತದೆ. ನಮ್ಮ ಕಡೆಯ ಒಂದು ತೊಡಕು ಹೆಸರಿನದು. ಶಾಲೆಯ ದಾಖಲೆಯಲ್ಲಿ ಒಂದು ಹೆಸರು, ಆಧಾರದಲ್ಲಿ ಇನ್ನೊಂದು, ಅಪ್ಪನ ಹೆಸರು ಒಮ್ಮೆ ಮುಂದೆ ಒಮ್ಮೆ ಹಿಂದೆ. ಅದನ್ನು ಊರಲ್ಲಿ ಇರುವಾಗಲೇ ಸರಿ ಮಾಡಿಸುವುದು ಜಾಣತನ.

ಭಾರತ ಎರಡು ದೇಶಗಳ ಪೌರತ್ವವನ್ನು ಒಪ್ಪುವುದಿಲ್ಲ. ಮಗಳು ಮುಂದೆ ಅಲ್ಲಿನ ಪೌರತ್ವ ಪಡೆದರೆ ಭಾರತದ ಪಾಸ್‌ಪೋರ್ಟ್ ಒಪ್ಪಿಸಬೇಕು. ಬದಲಿಗೆ ಒಸಿಐ ಕಾರ್ಡ್ ಪಡೆಯಬಹುದು. ಅದಿದ್ದರೆ ಆಯಿಯನ್ನು ನೋಡಲು ಬರುವಾಗ ವೀಸಾ ಬೇಡ. ಆದರೆ ಆ ಕಾರ್ಡಿನ ಮೇಲೆ ಓಟು ಹಾಕುವಂತಿಲ್ಲ, ಹೊಲ ಕೊಳ್ಳುವಂತಿಲ್ಲ. ಮುತ್ಯಾ, ಆಯಿ ತಾವೇ ಹೋಗಿ ಬರುವುದಾದರೆ ಷೆಂಗನ್ ವೀಸಾದಲ್ಲಿ 180 ದಿನಗಳೊಳಗೆ 90 ದಿನ ಇರಬಹುದು. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವೈದ್ಯವಿಮೆ ಮಾಡಿಸಿರಬೇಕು. ಸೇಡಂ, ಚಿಂಚೋಳಿಯವರಿಗೆ ಹೈದರಾಬಾದಿನ ಶಂಷಾಬಾದ ವಿಮಾನ ನಿಲ್ದಾಣ ಬೆಂಗಳೂರಿಗಿಂತ ಬಹಳ ಹತ್ತಿರ.

ಕಾಗದದಲ್ಲಿ ಸಿಗದದ್ದು

ಇವೆಲ್ಲ ತಡವಾದರೂ ಸಿಗುತ್ತವೆ. ಯಾವ ಕಚೇರಿಯಲ್ಲೂ ಸಿಗದದ್ದು ಆಯಿ ಕೇಳಿದ ಪ್ರಶ್ನೆಗೆ ಉತ್ತರ. ಕೂಸು ಯಾವ ಮಾತಿನಲ್ಲಿ ಮಾತಾಡುತ್ತದೆ?

ಕಿಟ್ಟಿಗೂ ಅಜ್ಜಿಗೂ ಫೋನು ಇರಲಿಲ್ಲ, ಕಾಲ ಅಡ್ಡವಾಗಿತ್ತು. ನಮಗೆ ಆ ನೆಪವಿಲ್ಲ. ಸೇಡಂನಲ್ಲಿ ರಾತ್ರಿ 8 ಗಂಟೆಯಾದಾಗ ಜರ್ಮನಿಯಲ್ಲಿ ಬೇಸಿಗೆಯಾದರೆ ಸಂಜೆ ನಾಲ್ಕೂವರೆ, ಚಳಿಗಾಲವಾದರೆ ಮೂರೂವರೆ. ಯುರೋಪಿನವರು ಮಾರ್ಚ್ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟು ಅಕ್ಟೋಬರ್ ಕೊನೆಯ ಭಾನುವಾರ ಹಿಂದಿಡುತ್ತಾರೆ. ಅದಕ್ಕೇ ಈ ವ್ಯತ್ಯಾಸ. ಕೂಸು ಶಾಲೆಯಿಂದ ಬರುವ ಹೊತ್ತು, ಆಯಿ ಊಟ ಮುಗಿಸುವ ಹೊತ್ತು. ದಿನಾ ಹತ್ತು ನಿಮಿಷ ಅದಕ್ಕೇ ಇಟ್ಟುಬಿಡಿ.

ಹಿರಿಯರೇ, ಆ ಹತ್ತು ನಿಮಿಷ ಹರಕು-ಮುರುಕು ಇಂಗ್ಲಿಷ್ ಆಡಬೇಡಿ. ನಮ್ಮ ಮಾತನ್ನೇ ಆಡಿ. ಒಂದೇ ಕಥೆಯನ್ನು ಹತ್ತು ಸಲ ಹೇಳಿ. ರೊಟ್ಟಿ ತಟ್ಟುತ್ತಾ ತಟ್ಟುತ್ತಾ ಹೇಳಿ. ಕೂಸು ಮೊದಮೊದಲು ಜರ್ಮನ್‌ನಲ್ಲೇ ಉತ್ತರ ಕೊಟ್ಟರೂ ಬೇಸರ ಬೇಡ. ಕಿವಿಗೆ ಬಿದ್ದದ್ದು ಒಳಗೆ ಉಳಿಯುತ್ತದೆ. ಮಗಳಿಗೆ ಹೇಳಿ: ಮನೆಯೊಳಗೆ ತಾಯಿ ಕನ್ನಡ ಬಿಡಬಾರದು. ಅಳಿಯನಿಗೂ ಹೇಳಿ: ಹೆಂಡತಿ ನಿನ್ನ ಭಾಷೆ ಪರೀಕ್ಷೆ ಕೊಟ್ಟು ಕಲಿತಳು, ನೀನು ಪರೀಕ್ಷೆಯಿಲ್ಲದೆ ಒಂದಿಷ್ಟು ಕಲಿ.

ಮಕ್ಕಳೇ, ನಿಮಗೂ ಒಂದು ಕೆಲಸ. ದೂರ ಹೋದ ತಂಗಿಗೋ ತಮ್ಮನಿಗೋ ತಿಂಗಳಿಗೊಂದು ಪತ್ರ ಕೈಯಲ್ಲೇ ಬರೆಯಿರಿ. ದೊಡ್ಡ ದೊಡ್ಡ ಅಕ್ಷರದಲ್ಲಿ ನಾಲ್ಕೇ ಸಾಲು. ಕಾಗಿಣಾ ಹೊಳೆಗೆ ನೀರು ಬಂತು, ಎಮ್ಮೆ ಕರು ಹಾಕಿತು, ಆಯಿಗೆ ಹೊಸ ಕನ್ನಡಕ ಬಂತು, ಇಷ್ಟು ಸಾಕು. ಹಳೆಯ ಫೋಟೋಗಳ ಹಿಂದೆ ಯಾರು ಯಾರು ಎಂದು ಮುತ್ಯಾನನ್ನು ಕೇಳಿ ಬರೆದಿಡಿ. ಆಯಿಯ ದನಿಯಲ್ಲಿ ಒಂದು ಕಥೆ ಮೊಬೈಲಿನಲ್ಲಿ ಹಿಡಿದಿಡಿ.

ಶರಫುನ್ನೀಸಾ ಬೇಗಂ ಮೊಮ್ಮಗಳ ಪತ್ರ ಕೈಗೆ ಬಂದರೂ ಅದನ್ನು ತಾವೇ ಓದಲಾರದೆ ಇನ್ನೊಬ್ಬರ ಮುಖ ನೋಡಬೇಕಾಯಿತು. ನಮ್ಮ ಆಯಿಗೆ ಆ ಪಾಡು ಬಾರದಿರಲಿ. ಇನ್ನು ಐದು ವರ್ಷಕ್ಕೋ ಹತ್ತು ವರ್ಷಕ್ಕೋ ವಾಡಿ ಸ್ಟೇಷನ್ನಿನಲ್ಲಿ ಒಂದು ಹುಡುಗಿ ರೈಲಿನಿಂದ ಇಳಿದು, ಜನರ ನಡುವೆ ಬಿಳಿಗೂದಲಿನ ಆಯಿಯನ್ನು ಹುಡುಕಿ ಓಡಿ ಬರಲಿ. “ಆಯೀ, ಆರಾಮ ಇದ್ದೀಯೇನ?” ಎಂದು ಅವಳೇ ಕೇಳಲಿ. ನಡುವೆ ನಿಂತು ಅನುವಾದ ಮಾಡುವವರು ಯಾರೂ ಬೇಕಾಗದಿರಲಿ.